ಕಿವಿ ಇತ್ತು, ಉಸಿರಿರಲಿಲ್ಲ

ಯೂತ್ ಸರ್ವಿಸ್ ಸಂದೇಶ. ವಾಕ್ಯಭಾಗ: ವಿಮೋಚನಕಾಂಡ 4:29–31, 5ನೇ ಅಧ್ಯಾಯ, 6:1–13

ಕೂತ್ಕೊಳ್ಳಿ. ಬಾಗಿಲ ಹತ್ರ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ.

ಪ್ರಾರ್ಥನೆ ವಿಷಯ ಬರೆದು ಹಾಕೋ ಡಬ್ಬ ಇದೆಯಲ್ಲ, ಈ ತಿಂಗಳ ಚೀಟಿಗಳನ್ನೆಲ್ಲ ಕೂತು ಓದಿದೆ. ಯಾವಾಗಲೂ ಕೆಲಸ, ಮದುವೆ, ವೀಸಾ ಇವೇ ಜಾಸ್ತಿ ಇರ್ತಿದ್ವು. ಈ ಸಲ ಬೇರೆ. ಓದಕ್ಕೆ ಕೂತ್ರೆ ಒಂದೇ ಪ್ಯಾರಾ ನಾಲ್ಕು ಸಲ ಓದ್ತೀನಿ, ತಲೆಗೆ ಹೋಗ್ತಿಲ್ಲ ಅಂತ ಒಬ್ಬರು. ಆಫೀಸಲ್ಲಿ ಸಣ್ಣ ಸಣ್ಣ ತಪ್ಪುಗಳಾಗ್ತಿವೆ, ಮ್ಯಾನೇಜರ್ ಎರಡು ಸಲ ಕರೆದು ಕೇಳಿದ್ರು ಅಂತ ಇನ್ನೊಬ್ಬರು. ಮೊಣಕಾಲೂರಿದ ಐದು ನಿಮಿಷಕ್ಕೇ ಮನಸ್ಸು ಬಿಟ್ಟುಹೋದ ಹುಡುಗನ ಹತ್ರ ಹೋಗುತ್ತೆ ಅಂತ ಮತ್ತೊಬ್ಬರು. ಹೆಸರಿಲ್ಲದ ಒಂದು ಚೀಟಿ ಇತ್ತು. ಅದರಲ್ಲಿ ಬರೆದಿದ್ದರ ಸಾರಾಂಶ ಇಷ್ಟು: ವಾಕ್ಯ ಓದಿದ್ರೆ ಏನೂ ನಿಲ್ತಿಲ್ಲ, ಮನೇಲಿ ಗಲಾಟೆ ನಡೀತಿದೆ, ಇದನ್ನ ಒಬ್ಬ ಹಿರಿಯ ವಿಶ್ವಾಸಿಗೆ ಹೇಳಿದ್ದಕ್ಕೆ ನಿನಗೆ ದೇವರ ಮೇಲಿನ ಮೊದಲಿನ ಪ್ರೀತಿ ತಣ್ಣಗಾಗಿದೆ ಅಂದ್ರು, ನಿಜವಾ ಪಾಸ್ಟರ್?

ಇವತ್ತಿನ ಸಂದೇಶ ಆ ಚೀಟಿಗೆ ಉತ್ತರ. ಬರೆದವರು ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಕೇಳಿಸಿಕೊಂಡ್ರೆ ಸಾಕು.

ಗಮನ ಚದುರೋದು ಅಂದ ತಕ್ಷಣ ಪ್ರಸಂಗಿಗಳೆಲ್ಲ ಮಾರ್ಥಳ ಮನೆಗೆ ಹೋಗ್ತಾರೆ. ಪಾಪ, ಆ ಹೆಂಗಸನ್ನ ಇವತ್ತೊಂದು ದಿನ ಅಡುಗೆ ಮಾಡಕ್ಕೆ ಬಿಡೋಣ. ನಾವು ಐಗುಪ್ತಕ್ಕೆ ಹೋಗೋಣ, ಇಟ್ಟಿಗೆ ಗೂಡಿನ ಹತ್ರ. ಹೊಸಕೋಟೆಯಿಂದ ಮಾಲೂರಿನ ಕಡೆ ಬೈಕಲ್ಲಿ ಹೋಗಿರೋರಿಗೆ ಇಟ್ಟಿಗೆ ಕೆಲಸ ಅಂದ್ರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ.

4ನೇ ಅಧ್ಯಾಯದ ಕೊನೇಲಿ ಮೋಶೆ, ಆರೋನ ಬಂದು ಹಿರಿಯರನ್ನ ಸೇರಿಸ್ತಾರೆ. ದೇವರು ನಿಮ್ಮ ಕಷ್ಟ ನೋಡಿದ್ದಾನೆ ಅಂತಾರೆ. ಜನ ಏನು ಮಾಡಿದ್ರು? ನಂಬಿದ್ರು. ತಲೆಬಾಗಿ ಆರಾಧಿಸಿದ್ರು. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

5ನೇ ಅಧ್ಯಾಯದಲ್ಲಿ ಫರೋಹನ ಹತ್ರ ಹೋಗ್ತಾರೆ. ಅವನು ಇವರನ್ನ ಕಳಿಸಲ್ಲ. ಬದಲಿಗೆ ಹುಲ್ಲು ಕೊಡೋದು ನಿಲ್ಲಿಸ್ತಾನೆ. ಹುಲ್ಲು ನೀವೇ ಹುಡುಕ್ಕೊಂಡು ಬನ್ನಿ, ಆದ್ರೆ ಇಟ್ಟಿಗೆ ಲೆಕ್ಕದಲ್ಲಿ ಒಂದೂ ಕಡಿಮೆ ಆಗಬಾರದು. ಇವತ್ತಿನ ಭಾಷೇಲಿ ಹೇಳೋದಾದ್ರೆ ಟಾರ್ಗೆಟ್ ಅದೇ, ಸಪೋರ್ಟ್ ಕಟ್. ಯಾಕೆ ಹೀಗೆ ಮಾಡಿದ? 9ನೇ ವಚನ ಗಮನಿಸಿ. ಕೆಲಸ ಇನ್ನೂ ಭಾರ ಮಾಡಿ, ಆಗ ಇವರು ಆ ಮಾತುಗಳ ಕಡೆ ಕಿವಿ ಕೊಡಲ್ಲ ಅನ್ನೋ ಅರ್ಥದಲ್ಲಿ ಅವನೇ ಬಾಯಿಬಿಟ್ಟು ಹೇಳ್ತಾನೆ. ಫರೋಹ ಮನಶ್ಶಾಸ್ತ್ರ ಓದಿರಲಿಲ್ಲ, ಆದ್ರೂ ಅವನಿಗೆ ಗೊತ್ತಿತ್ತು. ಒಬ್ಬ ಮನುಷ್ಯನಿಗೆ ದೇವರ ಮಾತು ಕೇಳಿಸಬಾರದು ಅಂದ್ರೆ ಅವನ ಕಿವಿ ಮುಚ್ಚೋ ಅಗತ್ಯ ಇಲ್ಲ. ಅವನ ತಲೆಯಲ್ಲಿ ಬೇರೇದಕ್ಕೆ ಜಾಗ ಇಲ್ಲದ ಹಾಗೆ ತುಂಬಿಬಿಟ್ರೆ ಆಯ್ತು.

ಈಗ 6ನೇ ಅಧ್ಯಾಯ. ದೇವರು ಮೋಶೆಯ ಬಾಯಿಂದ ಒಂದರ ಹಿಂದೆ ಒಂದು ಏಳು ವಾಗ್ದಾನ ಕೊಡ್ತಾನೆ, ಎಣಿಸಿ ನೋಡಿ. ಹೊರಗೆ ತರ್ತೀನಿ, ಬಿಡಿಸ್ತೀನಿ, ವಿಮೋಚಿಸ್ತೀನಿ, ನನ್ನ ಜನ ಮಾಡ್ಕೊಳ್ತೀನಿ, ನಿಮ್ಮ ದೇವರಾಗಿರ್ತೀನಿ, ಆ ದೇಶಕ್ಕೆ ಸೇರಿಸ್ತೀನಿ, ಅದನ್ನ ಸ್ವಾಸ್ತ್ಯವಾಗಿ ಕೊಡ್ತೀನಿ. ಇಡೀ ಹಳೇ ಒಡಂಬಡಿಕೆಯಲ್ಲಿ ಇದಕ್ಕಿಂತ ಒಳ್ಳೇ ಪ್ರಸಂಗ ಸಿಗೋದು ಕಷ್ಟ. ಹಲ್ಲೆಲೂಯಾ ಅನ್ನಬೇಕಾಗಿತ್ತು ಅಲ್ವಾ? 9ನೇ ವಚನದಲ್ಲಿ ಏನಾಯ್ತು? ಅವರು ಕೇಳಲಿಲ್ಲ.

ಕಾರಣವನ್ನ ಸತ್ಯವೇದವೇ ಕೊಡುತ್ತೆ, ನಾವು ಊಹಿಸೋದು ಬೇಡ. ಮನಸ್ಸು ಕುಗ್ಗಿತ್ತು, ದಾಸತ್ವ ಕ್ರೂರವಾಗಿತ್ತು. ಬೈಬಲ್ ಕಾಲೇಜಲ್ಲಿ ನಮಗೆ ಹೀಬ್ರೂ ಹೇಳಿಕೊಟ್ಟವರು ಈ ಮಾತಿನ ಮೇಲೆ ಅರ್ಧ ಕ್ಲಾಸ್ ನಿಂತಿದ್ರು. ‘ಕೋತ್ಸೆರ್ ರೂಆಖ್’. ರೂಆಖ್ ಅಂದ್ರೆ ನಿಮಗೆ ಗೊತ್ತು, ಆತ್ಮ, ಗಾಳಿ, ಉಸಿರು. ಕೋತ್ಸೆರ್ ಅಂದ್ರೆ ಗಿಡ್ಡವಾಗಿರೋದು, ಕಡಿಮೆ ಬೀಳೋದು. ಉಸಿರು ಸಾಲದೇ ಹೋಗಿತ್ತು. ಮೂರನೇ ಮಹಡಿಗೆ ಸಿಲಿಂಡರ್ ಹೊತ್ಕೊಂಡು ಹೋದವನ ಹತ್ರ ಮೆಟ್ಟಿಲ ಮೇಲೇ ನಿಂತು ಅಪ್ರೈಸಲ್ ಬಗ್ಗೆ ಮಾತಾಡಿದ್ರೆ ಏನು ಕೇಳಿಸಿಕೊಂಡಾನು? ಮೊದಲು ಸಿಲಿಂಡರ್ ಇಳಿಸಬೇಕು.

ಈಗ 4ನೇ ಅಧ್ಯಾಯಕ್ಕೆ ವಾಪಸ್ ಬನ್ನಿ. ಅದೇ ಜನ. ಅದೇ ಮೋಶೆ. ಅದೇ ದೇವರು. ಅವತ್ತು ನಂಬಿ ಆರಾಧಿಸಿದ್ರು, ಇವತ್ತು ಕಿವಿಗೇ ಹಾಕ್ಕೊಳ್ಳಲಿಲ್ಲ. ನಡುವೆ ಬದಲಾಗಿದ್ದು ಅವರ ಭುಜದ ಮೇಲಿನ ಭಾರ, ಒಳಗಿನ ಉಸಿರು.

ಇದು ಬರೀ ಪ್ರಸಂಗದ ಮಾತು ಅಂದ್ಕೋಬೇಡಿ. ನಮ್ಮ ಪಕ್ಕದ ತಮಿಳುನಾಡಲ್ಲಿ ಇದನ್ನ ಅಳೆದು ನೋಡಿದ್ದಾರೆ. ಆನಂದಿ ಮಣಿ, ಸೆಂದಿಲ್ ಮುಲ್ಲೈನಾಥನ್, ಇನ್ನಿಬ್ಬರು ಸೇರಿ 464 ಕಬ್ಬು ಬೆಳೆಗಾರರನ್ನ ನೋಡಿದ್ರು. 2013ರಲ್ಲಿ ಅದು ಸೈನ್ಸ್ ಪತ್ರಿಕೇಲಿ ಬಂತು. ಕಬ್ಬು ಬೆಳೆಗಾರನಿಗೆ ದುಡ್ಡು ವರ್ಷಕ್ಕೊಂದು ಸಲ, ಕಟಾವಾದ ಮೇಲೆ ಬರುತ್ತೆ. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಅಡವಿಗೆ ಹೋಗಿರುತ್ತೆ. ಅದೇ ರೈತನಿಗೆ ಕಟಾವಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಚಿತ್ರಗಳ ಸಾಲಲ್ಲಿ ಬಿಟ್ಟುಹೋಗಿರೋದು ಯಾವುದು ಅಂತ ಹುಡುಕೋ ಥರದ ಪರೀಕ್ಷೆ ಕೊಟ್ರು. ಮುಂಚೆ ಕೊಟ್ಟಾಗ ಅಂಕ ಕಡಿಮೆ ಬಂತು. ಆಮೇಲೆ ಜಾಸ್ತಿ ಬಂತು. ಒಬ್ಬನೇ ಮನುಷ್ಯ, ಅದೇ ತಲೆ. ಅದರ ಲೆಕ್ಕಾಚಾರದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ, ಅದು ಬೇರೆ ಮಾತು. ಆದ್ರೆ ನನಗೆ ಅದನ್ನ ಓದಿದಾಗ ವಿಮೋಚನಕಾಂಡದ 4 ಮತ್ತು 6ನೇ ಅಧ್ಯಾಯಗಳು ಅಕ್ಕಪಕ್ಕ ಬಂದು ನಿಂತವು.

ನಮ್ಮ ಜಿಲ್ಲೇಲೇ ನೋಡಿ. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳೀಲಿ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿಷಯ. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. 2025ರ ಜುಲೈ 15ಕ್ಕೆ ಸರ್ಕಾರ ಸ್ವಾಧೀನ ಕೈಬಿಟ್ಟಿದ್ದೀವಿ ಅಂತು. ನಾನಿಲ್ಲಿ ರಾಜಕೀಯ ಮಾತಾಡ್ತಿಲ್ಲ, ಮಕ್ಕಳ ಬಗ್ಗೆ ಯೋಚನೆ ಮಾಡ್ತಿದ್ದೀನಿ. 2022ರಲ್ಲಿ ಎಂಟನೇ ಕ್ಲಾಸಿಗೆ ಸೇರಿದ ಮಗು ಅಲ್ಲಿ ಎಸ್‌ಎಸ್‌ಎಲ್‌ಸಿ ಬರೆಯೋವರೆಗೂ ಜಮೀನು ಉಳಿಯುತ್ತಾ ಹೋಗುತ್ತಾ ಅಂತ ಗೊತ್ತಿಲ್ಲದ ಮನೇಲಿ ಓದಿದೆ. ಅಪ್ಪ ಧರಣಿ ಹತ್ರ, ಅಮ್ಮನ ಮುಖ ಯಾವಾಗಲೂ ಬಾಡಿರೋದು, ರಾತ್ರಿ ಊಟಕ್ಕೆ ಕೂತ್ರೆ ಅದೇ ಮಾತು. ಅಂಥ ಮಗುವಿನ ಗಣಿತದ ಅಂಕ ನೋಡಿ ಬುದ್ಧಿ ಕಮ್ಮಿ ಅನ್ನೋಕಾಗುತ್ತಾ?

ಒಳಗೆ ಏನಾಗುತ್ತೆ ಅಂತ ಸರಳವಾಗಿ ಹೇಳ್ತೀನಿ. ಪಿಜಿಯಲ್ಲಿ ಇರೋರಿಗೆ ಬೇಗ ಅರ್ಥ ಆಗುತ್ತೆ. ಒಂದೇ ಬರ್ನರ್ ಸ್ಟೌ. ಹಾಲಿಟ್ಟು ಬಂದು ಓದಕ್ಕೆ ಕೂತ್ರಿ. ಕಣ್ಣು ಪುಸ್ತಕದ ಮೇಲೆ, ಕಿವಿ ಅಡುಗೆಮನೇಲಿ. ಉಕ್ಕಿಬಿಟ್ರೆ? ಹೋಗಿ ನೋಡ್ತೀರಿ, ಇನ್ನೂ ಉಕ್ಕಿಲ್ಲ. ಬಂದು ಕೂತ್ಕೊಳ್ತೀರಿ, ಎಲ್ಲಿ ಓದ್ತಿದ್ದೆ ಅನ್ನೋದು ಮರೆತಿರುತ್ತೆ. ಮನಶ್ಶಾಸ್ತ್ರದವರು ವರ್ಕಿಂಗ್ ಮೆಮೊರಿ ಅಂತಾರೆ, ಈ ಕ್ಷಣಕ್ಕೆ ಬೇಕಾದ್ದನ್ನ ತಲೇಲಿ ಹಿಡಿದಿಟ್ಟುಕೊಳ್ಳೋ ಜಾಗ. ಅದು ಎಲ್ಲರಿಗೂ ಚಿಕ್ಕದೇ. ಲೆಕ್ಕ ಮಾಡೋಕೂ ಅದೇ ಜಾಗ ಬೇಕು, ಚಿಂತೆ ಮಾಡೋಕೂ ಅದೇ ಜಾಗ ಬೇಕು. ಭಯ, ದುಃಖ, ಅವಮಾನ ಬಂದಾಗ ಮೊದಲು ಅವೇ ಬಂದು ಕೂರ್ತವೆ. ದೇವರು ಹಾಗೇ ಸೃಷ್ಟಿ ಮಾಡಿದ್ದಾನೆ, ಅದರಲ್ಲಿ ದೋಷ ಇಲ್ಲ. ರಾಗಿ ಹೊಲದ ಬದುವಿನ ಮೇಲೆ ಹಾವು ಕಂಡ್ರೆ ಪದ್ಯ ಬಾಯಿಪಾಠ ಮಾಡ್ಕೊಂಡು ಹೋಗೋನು ಬದುಕಲ್ಲ. ಕಷ್ಟ ಏನಂದ್ರೆ ಈಗಿನ ಹಾವು ಫೋನಿನೊಳಗಿದೆ. ಮೆಸೇಜ್ ನೋಡಿದ್ದಾನೆ, ಎರಡು ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ. ಅದು ಕಚ್ಚೋದೂ ಇಲ್ಲ, ಹೋಗೋದೂ ಇಲ್ಲ.

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಕೆಲಸ ಮಾಡ್ತಿದ್ರು. ಒಬ್ಬರೇ ಮಗ್ಗದಿಂದ ಮಗ್ಗಕ್ಕೆ ಓಡಾಡ್ಕೊಂಡು ನೋಡಬೇಕು. ಆ ಸದ್ದಲ್ಲಿ ಪಕ್ಕದವರು ಕೂಗಿದ್ರೂ ಕೇಳಿಸಲ್ಲ, ಕಣ್ಣೇ ಕೆಲಸ ಮಾಡಬೇಕು. ಎಲ್ಲೋ ಒಂದು ಎಳೆ ಹರಿದ್ರೆ ತಕ್ಷಣ ನಿಲ್ಲಿಸಿ ಗಂಟು ಹಾಕಬೇಕು, ಇಲ್ಲಾಂದ್ರೆ ಬಟ್ಟೆಯುದ್ದಕ್ಕೂ ಗೆರೆ ಬರುತ್ತೆ, ಡ್ಯಾಮೇಜ್ ಅಂತ ಕೂಲಿ ಮುರ್ಕೊಳ್ತಾರೆ. ಅಮ್ಮ ಅದನ್ನ ಲೆಕ್ಕ ಇಡ್ತಿದ್ರು. ಚೀಟಿ ಕಟ್ಟೋಕೆ ದುಡ್ಡಿಲ್ಲದೆ ಮನೇಲಿ ಮಾತು ಬಂದ ವಾರ ಡ್ಯಾಮೇಜ್ ಜಾಸ್ತಿ. ಕೂಲಿ ಮುರಿದದ್ದಕ್ಕೆ ಮತ್ತೆ ಜಗಳ, ಜಗಳಕ್ಕೆ ಮತ್ತೆ ಡ್ಯಾಮೇಜ್. ಅಪ್ಪನ ಕೈಗುಣ ಎಲ್ಲೂ ಹೋಗಿರಲಿಲ್ಲ. ಇಪ್ಪತ್ತು ವರ್ಷ ಎಳೆ ನೋಡಿದ ಕಣ್ಣದು. ಆ ವಾರ ಆ ಕಣ್ಣು ಬೇರೆ ಕಡೆ ಇತ್ತು.

ಇದನ್ನ ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ. ಅಪಾರಲ್ ಪಾರ್ಕಲ್ಲಿ ಹೊಲಿಗೆ ಮಷೀನ್ ಮುಂದೆ ಕೂರೋ ತಂಗಿಯರಿದ್ದೀರಿ. ಏರ್‌ಪೋರ್ಟ್ ರೋಡಲ್ಲಿ ರಾತ್ರಿ ಕ್ಯಾಬ್ ಓಡಿಸೋ ತಮ್ಮಂದಿರಿದ್ದೀರಿ. ಮನೇಲಿ ಜಗಳ ಆಡಿ ಕೀ ತಗೊಂಡು ಹೊರಡಬೇಡಿ, ಹತ್ತು ನಿಮಿಷ ಗಾಡಿ ಪಕ್ಕ ನಿಂತು ಹೊರಡಿ. ಇದನ್ನ ಪಾಸ್ಟರ್ ಯಾಕೆ ಹೇಳ್ತಾರೆ ಅನ್ನಬೇಡಿ. ಅಂತ್ಯಕ್ರಿಯೆಗೆ ಹೋಗೋನು ನಾನು.

ಈಗ ಮುಖ್ಯ ವಿಷಯ. ಜನ ಕೇಳಲಿಲ್ಲ. ದೇವರು ಏನು ಮಾಡಿದ? 10ನೇ ವಚನ, 11, 13, ಮುಂದಕ್ಕೆ ಓದ್ಕೊಂಡು ಹೋಗಿ. ಅವಿಶ್ವಾಸಿಗಳೇ ಅಂತ ಬೈದಿದ್ದಾನಾ? ಏಳು ವಾಗ್ದಾನ ಕೊಟ್ಟೆ, ಒಂದು ಆಮೆನ್ ಬರಲಿಲ್ಲ, ವಾಪಸ್ ತಗೋತೀನಿ ಅಂದನಾ? ಇಲ್ಲ. ಫರೋಹನ ಹತ್ರ ಹೋಗು ಅಂತ ಮೋಶೆಗೆ ಹೇಳಿದ. ಭಾರ ಹೊರಿಸಿದವನ ಕಡೆಗೆ ತಿರುಗಿದ. ಇದೇ ಜನ ಮುಂದೆ ಅರಣ್ಯದಲ್ಲಿ ಗುಣುಗುಟ್ಟಿದಾಗ ದೇವರು ಗದರಿಸಿದ್ದುಂಟು, ಅದು ನನಗೂ ಗೊತ್ತು. ಆದ್ರೆ ಇಲ್ಲಿ, ಇಟ್ಟಿಗೆ ಗೂಡಲ್ಲಿ, ಬೆನ್ನ ಮೇಲೆ ಬಾಸುಂಡೆ ಇರೋವಾಗ ಒಂದು ಗದರಿಕೆಯ ಮಾತೂ ಇಲ್ಲ. ದೇವರಿಗೆ ಈ ಎರಡರ ವ್ಯತ್ಯಾಸ ಗೊತ್ತು. ನಮ್ಮ ಸಭೆಗಳಿಗೂ ಗೊತ್ತಾಗಬೇಕು. (ಸಭೆ: ಆಮೆನ್.)

ಚೀಟಿ ಬರೆದವರೇ, ನಿಮ್ಮ ಪ್ರೀತಿ ತಣ್ಣಗಾಗಿದೆ ಅಂತ ಯಾರೋ ಹೇಳಿದ್ರಲ್ಲ, ಪ್ರೀತಿ ತಣ್ಣಗಾದವರು ಡಬ್ಬಕ್ಕೆ ಚೀಟಿ ಹಾಕಲ್ಲ.

ಹಾಗಂತ ರಾತ್ರಿ ಎರಡರವರೆಗೂ ರೀಲ್ಸ್ ನೋಡಿ ಬೆಳಿಗ್ಗೆ ತೂಕಡಿಸೋರು ವಿಮೋಚನಕಾಂಡ 6:9ರ ಹಿಂದೆ ಬಚ್ಚಿಟ್ಕೋಬೇಡಿ. (ನಗು.) ನಗಬೇಡಿ, ನಿಮಗೇ ಹೇಳ್ತಿರೋದು. ಆದ್ರೂ ಒಂದು ಪ್ರಶ್ನೆ ನೀವೇ ಕೇಳ್ಕೊಳ್ಳಿ. ಕೈ ಫೋನಿಗೆ ಹೋಗೋ ಕ್ಷಣಕ್ಕೆ ಸ್ವಲ್ಪ ಮುಂಚೆ ತಲೇಲಿ ಏನು ಬಂತು? ಎಷ್ಟೋ ಸಲ ಯಾವುದೋ ನೋವಿನ ಯೋಚನೆ ಬಂದಿರುತ್ತೆ, ಅದನ್ನ ನೋಡಕ್ಕಾಗದೆ ಬೆರಳು ಸ್ಕ್ರೀನ್ ಮೇಲೆ ಓಡುತ್ತೆ. ಹಾಗಾದ್ರೆ ಫೋನ್ ಎತ್ತಿಟ್ರೂ ಆ ಯೋಚನೆ ಅಲ್ಲೇ ಕಾಯ್ತಿರುತ್ತೆ.

ಹನ್ನಳನ್ನ ನೋಡಿ, 1 ಸಮುವೇಲ 1. ಸವತಿ ಕೆಣಕ್ತಾಳೆ, ವರ್ಷವರ್ಷ. ಊಟ ಮಾಡಕ್ಕಾಗಲ್ಲ. ಗಂಡ ಬಂದು, ಹತ್ತು ಗಂಡುಮಕ್ಕಳಿಗಿಂತ ನಾನೇ ಮೇಲಲ್ವಾ ಅನ್ನೋ ಥರ ಸಮಾಧಾನ ಹೇಳ್ತಾನೆ. ಗಂಡಸರೇ, ಇದು ಕೆಲಸ ಮಾಡಲ್ಲ. ದೇವಾಲಯಕ್ಕೆ ಹೋಗಿ ಪ್ರಾರ್ಥನೆ ಮಾಡ್ತಾಳೆ, ತುಟಿ ಮಾತ್ರ ಅಲ್ಲಾಡುತ್ತೆ, ಸದ್ದಿಲ್ಲ. ಯಾಜಕ ಏಲಿ ದೂರದಿಂದ ನೋಡಿ ಕುಡಿದಿದ್ದಾಳೆ ಅಂದ್ಕೊಂಡ. ಅಭಿಷೇಕ ಹೊಂದಿದ ಯಾಜಕ, ದೇವಾಲಯದಲ್ಲೇ ಕೂತಿರೋನು, ದುಃಖವನ್ನ ಅಮಲು ಅಂತ ಓದಿಬಿಟ್ಟ. ಯಾರಿಗಾದ್ರೂ ನಿನಗೆ ಆ ಆತ್ಮ ಹಿಡಿದಿದೆ, ಈ ಆತ್ಮ ಹಿಡಿದಿದೆ ಅಂತ ಹೇಳೋ ಮುಂಚೆ ನಾವು ಏಲಿಯನ್ನ ನೆನಪಿಸ್ಕೋಬೇಕು. ಏಲಿಯ ಒಳ್ಳೇ ಗುಣ ಏನಂದ್ರೆ, ಅವಳು ಹೇಳಿದ ಮೇಲೆ ಕೇಳಿಸಿಕೊಂಡ. ಆಶೀರ್ವದಿಸಿ ಕಳಿಸಿದ.

ಆಮೇಲೆ ಹನ್ನಳು ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯ್ತು. ಗಮನಿಸಿ, ಮಗು ಹುಟ್ಟಿದ್ದು ಅದಾದ ಮೇಲೆ. ಸಮಸ್ಯೆ ಇನ್ನೂ ಅಲ್ಲೇ ಇತ್ತು, ಸವತಿ ಇನ್ನೂ ಅದೇ ಮನೇಲಿದ್ದಳು. ಒಳಗಿದ್ದದ್ದನ್ನ ಯೆಹೋವನ ಮುಂದೆ ಸುರಿದಿದ್ದಳು ಅಷ್ಟೇ.

2011ರಲ್ಲಿ ಅಮೆರಿಕದಲ್ಲಿ ರಾಮಿರೆಜ್, ಬೈಲಾಕ್ ಅನ್ನೋ ಇಬ್ಬರು ಸಂಶೋಧಕರು ಒಂಬತ್ತನೇ ತರಗತಿ ಮಕ್ಕಳಿಗೆ ಪರೀಕ್ಷೆಗೆ ಸ್ವಲ್ಪ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೇ ಕಾಗದದ ಮೇಲೆ ಬರೆಯಕ್ಕೆ ಹೇಳಿದ್ರು. ಪರೀಕ್ಷೆ ಅಂದ್ರೆ ನಡುಗೋ ಮಕ್ಕಳು, ಹಾಗೆ ಬರೆದಾಗ, ಚೆನ್ನಾಗಿ ಮಾಡಿದ್ರು. ಅವರು ಪ್ರಾರ್ಥನೆಯನ್ನ ಪರೀಕ್ಷಿಸಲಿಲ್ಲ, ಬರವಣಿಗೆಯನ್ನ ಪರೀಕ್ಷಿಸಿದ್ರು, ಅದನ್ನ ನಾನು ಸೇರಿಸಿ ಹೇಳಲ್ಲ. ಆದ್ರೆ ಒಳಗೆ ಸುತ್ತೋದು ಹೊರಗೆ ಬಂದ್ರೆ ಜಾಗ ಖಾಲಿಯಾಗುತ್ತೆ ಅನ್ನೋದು ಹನ್ನಳಿಗೂ ಗೊತ್ತಿತ್ತು, ದಾವೀದನಿಗೂ ಗೊತ್ತಿತ್ತು. ಕೀರ್ತನೆಗಳಲ್ಲಿ ಎಷ್ಟು ದೂರು ಇದೆ ನೋಡಿ! ಭಯಪಡಬೇಡ ಅಂತ ಬಾಯಿಮುಚ್ಚಿಸಿದ ಪ್ರಾರ್ಥನೆಗಳಲ್ಲ ಅವು.

ಇನ್ನೊಬ್ಬನನ್ನ ನೋಡಿ ಮುಗಿಸ್ತೀನಿ. ಎಲೀಯ, 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಈಜೆಬೆಲಳ ಬೆದರಿಕೆಯ ಒಂದು ಸುದ್ದಿ ಬಂತು, ಓಡಿಹೋದ. ಗಿಡದ ಕೆಳಗೆ ಕೂತು ಸಾಯಬೇಕು ಅಂತ ಬೇಡಿಕೊಂಡ. ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ ಮಾಡಕ್ಕೆ ಬಿಟ್ಟ. ದೂತ ಬಂದು ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ದೂತ ಅದಕ್ಕೂ ಬೈಯಲಿಲ್ಲ. ಎರಡನೇ ಸಲ ಎಬ್ಬಿಸಿ ಊಟ ಕೊಟ್ಟು, ದಾರಿ ದೊಡ್ಡದಿದೆ ಅಂದ. ಹೋರೇಬಿನ ಮೆಲುದನಿ ಇದೆಯಲ್ಲ, ನಾವು ಅಷ್ಟೊಂದು ಇಷ್ಟಪಡೋದು, ಅದು ನಿದ್ದೆ ಆದ ಮೇಲೆ, ಊಟ ಆದ ಮೇಲೆ, ನಲವತ್ತು ದಿನ ನಡೆದ ಮೇಲೆ ಬಂತು.

ಅದಕ್ಕೇ ಈ ವರ್ಷದಿಂದ ಪರೀಕ್ಷೆ ಬರೆಯೋ ಮಕ್ಕಳಿಗೆ ಇಡೀರಾತ್ರಿ ಪ್ರಾರ್ಥನೆ ಇಡಲ್ಲ ಅಂತ ಹಿರಿಯರ ಜೊತೆ ಮಾತಾಡಿ ತೀರ್ಮಾನ ಮಾಡಿದ್ದೀನಿ. ಅವರ ಪರವಾಗಿ ಅಪ್ಪಅಮ್ಮಂದಿರು ಬನ್ನಿ, ನಾನೂ ಇರ್ತೀನಿ. ಮಕ್ಕಳು ಮಲಗಲಿ. ಕೆಲವರಿಗೆ ಇದು ಇಷ್ಟ ಆಗಿಲ್ಲ, ಗೊತ್ತು. ಎಲೀಯನ ದೂತನ ಹತ್ರ ದೂರು ಕೊಡಿ. ಬೋರ್ಡಿನವರೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯೋ ಅವಕಾಶ ಕೊಟ್ಟಿದ್ದಾರೆ, ಒಂದು ಸಲ ಹೋಯ್ತು ಅಂದ್ರೆ ಬದುಕು ಹೋಯ್ತು ಅಂತ ಮನೇಲಿ ಯಾರೂ ಹೇಳಬೇಡಿ.

ಲೋನ್ ಆ್ಯಪ್‌ನವರ ಫೋನ್ ಬರ್ತಿರೋರು ಒಬ್ಬರೇ ಇಟ್ಕೋಬೇಡಿ. ನಿಮ್ಮ ಫರೋಹನ ಹತ್ರ ನಿಮ್ಮ ಜೊತೆ ಬರೋಕೆ ಸಭೇಲಿ ಲೆಕ್ಕ ಗೊತ್ತಿರೋ ಅಣ್ಣಂದಿರಿದ್ದಾರೆ. ಸಾಲ ವಸೂಲಿಗೆ ಪೀಡಿಸೋದರ ವಿರುದ್ಧ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ಸರ್ವಿಸ್ ಆದ ಮೇಲೆ ಮಾತಾಡಿ.

ಇನ್ನು ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಎಲೀಯನ ಥರ ಸಾವು ಕೇಳ್ಕೊಳ್ತಿದ್ದೀನಿ ಅನ್ನೋರು ಇಲ್ಲಿ ಇದ್ರೆ, ದಯವಿಟ್ಟು 14416 ಬರ್ಕೊಳ್ಳಿ. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯಲ್ಲೂ ತೆಗೀತಾರೆ. ನಿಮ್ಹಾನ್ಸಿಗೆ ಹೋಗೋಕೆ ಭಯ ಆದ್ರೆ ನಾನು ಜೊತೆಗೆ ಬರ್ತೀನಿ, ಹೊರಗೆ ಕೂತಿರ್ತೀನಿ. ಡಾಕ್ಟರು ಮಾತ್ರೆ ಕೊಟ್ರೆ ತಗೊಳ್ಳಿ. ಮಾತ್ರೆ ತಗೊಂಡ್ರೆ ವಿಶ್ವಾಸ ಇಲ್ಲ ಅಂತ ಯಾರಾದ್ರೂ ಅಂದ್ರೆ, ಕನ್ನಡಕ ಹಾಕ್ಕೊಂಡು ಬೈಬಲ್ ಓದ್ತೀರಲ್ಲ ಅಂತ ಕೇಳಿ. ದೂತನ ಕೈಯಿಂದ ರೊಟ್ಟಿ ಕೊಟ್ಟವನು ಡಾಕ್ಟರ ಕೈಯಿಂದ ಮಾತ್ರೆ ಕೊಡಲ್ವಾ? ಗುಣಪಡಿಸೋ ದೇವರನ್ನ ನಾನು ನಂಬ್ತೀನಿ, ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡ್ತೀನಿ. ಎರಡೂ ಮಾಡೋಣ.

ಈಗ ವಾಲಂಟಿಯರ್‌ಗಳು ಕಾಗದ, ಪೆನ್ನು ಹಂಚ್ತಾರೆ. ಕೀಬೋರ್ಡ್ ಬೇಡ ತಮ್ಮ, ಹತ್ತು ನಿಮಿಷ ಸುಮ್ಮನಿರಲಿ. ತಲೇಲಿ ಏನು ಸುತ್ತುತ್ತಿದೆಯೋ ಅದನ್ನ ದೇವರಿಗೆ ಬರೀರಿ. ಒಳ್ಳೇ ಭಾಷೆ ಬೇಡ, ವಚನ ಸೇರಿಸೋದೂ ಬೇಡ. ಬೈಗುಳ ಬಂದ್ರೂ ಬರೀರಿ, ಆತನು ಕೇಳದೇ ಇರೋದೇನಲ್ಲ. ಕಾಗದ ನಿಮ್ಮ ಹತ್ರಾನೇ ಇರಲಿ, ನಾವು ತಗೊಳ್ಳಲ್ಲ. ಆಮೇಲೆ ಪ್ರಾರ್ಥನೆ ಮಾಡಿ ಆಶೀರ್ವಾದ ಹೇಳ್ತೀನಿ. ಕೆಳಗೆ ಅನ್ನ ಸಾರು ರೆಡಿ ಇದೆ, ಇವತ್ತು ಯಾರೂ ಊಟ ಮಾಡದೆ ಹೋಗಬೇಡಿ. ಬುಧವಾರ ಪರೀಕ್ಷೆ ಇರೋ ತಂಗಿ, ನೀನು ಮೊದಲ ಪಂಕ್ತೀಲೇ ಕೂತು ಊಟ ಮಾಡಿ ಮನೆಗೆ ಹೋಗು, ಸಂಜೆ ಮೀಟಿಂಗಿಗೆ ಬರಬೇಡ. ಮಲಗು.